ಹಳೇ ಕಾರಿಗೆ ಮಿಸ್ತ್ರಿ ಅದಾನ, ಓಡಿಸಾಕ ಜಾಗ ಎಲ್ಲೈತಿ?

ಸಾಂಗ್ಲಿವಾಡಿ: ಮರಾಠಿಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಅನ್ನುತ್ತಾರೆ. ಗಡಿಭಾಗದ ಕನ್ನಡದ ಕಿವಿಗೆ ಅದು ‘ಬಂಗಾರ’ ಅಂತಲೇ ಕೇಳಿಸುತ್ತದೆ. ಸಾಂಗ್ಲಿ, ಮಿರಜ್, ಕುಪವಾಡ ಕಡೆಯಲ್ಲಿ ಹಳೆ ಕಾರಿನ ಹುಚ್ಚು ಹಿಡಿದ ಹುಡುಗರ ಪಾಲಿಗಂತೂ ಇವೆರಡೂ ಒಂದೇ. ಯಾರದೋ ಹಿತ್ತಲಲ್ಲಿ ಟಾರ್ಪಾಲ್ ಹೊದ್ದು ನಿಂತ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೊ 1.6, ಫೋರ್ಡ್ ಐಕಾನ್, ಮಾರುತಿ ಎಸ್ಟೀಮ್ ಇಂಥವನ್ನು ಭಂಗಾರದ ದರಕ್ಕೆ ತಂದು, ತಿಂಗಳಾನುಗಟ್ಟಲೆ ಗ್ಯಾರೇಜಿನಲ್ಲಿ ಕೂತು ಎಂಜಿನ್ ಎಬ್ಬಿಸಿ ನಿಲ್ಲಿಸುವ ಹವ್ಯಾಸ ಇದು. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಎದ್ದು ನಿಂತ ಎಂಜಿನ್ ಎಷ್ಟು ಓಡೀತು ಎಂದು ನೋಡುವ ಹೊತ್ತಿಗೆ ತಕರಾರು ಶುರುವಾಗುತ್ತದೆ.

ನೋಡಲಿಕ್ಕೆ ಇರುವ ಜಾಗ ಸದ್ಯ ಒಂದೇ, ಅದು ಸಾರ್ವಜನಿಕ ರಸ್ತೆ.

ಖರೆ ‘ಸ್ಪೋರ್ಟ್ಸ್ ಕಾರು’ ಅನ್ನುವುದು ನಮ್ಮ ದೇಶದ ಮಧ್ಯಮ ವರ್ಗದ ಬಾಗಿಲಿಗೆ ಎಂದೂ ಬರಲಿಲ್ಲ. ಅದರ ಜಾಗ ತುಂಬಿದ್ದು ಇಂಥ ಮನೆಬಳಕೆಯ ಕಾರುಗಳು. 2000ರಲ್ಲಿ ಬಂದ ಸಿಟಿ ವಿಟೆಕ್‌ನ 1.5 ಲೀಟರ್ ಎಂಜಿನ್ 106 ಅಶ್ವಶಕ್ತಿಯದು. ಮರುವರ್ಷ ಬಂದ ಪಾಲಿಯೊ 1.6ರದ್ದು ನೂರರ ಆಸುಪಾಸು. ಆಗ ಬೀದಿ ಬೀದಿಯಲ್ಲಿದ್ದ ಮಾರುತಿ 800ರ ಶಕ್ತಿ 37 ಎಂಬುದನ್ನು ನೆನೆದರೆ, ಆ ಕಾಲದ ಹುಡುಗರು ಈ ಗಾಡಿಗಳನ್ನು ಯಾಕೆ ಬಾಯಿ ತೆರೆದು ನೋಡುತ್ತಿದ್ದರು ಎಂಬುದು ತಿಳಿದೀತು. ಅದೇ ಹುಡುಗರು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ, ಆ ಕಾರುಗಳು ಕೈಗೆಟುಕುವ ಬೆಲೆಗೆ ಇಳಿದಿವೆ.

ಕಾರು ಸಿಗದವರಿಗೆ ಬೈಕು ಇದ್ದೇ ಇದೆ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಎಂಬತ್ತರ ದಶಕದ ರಾಜದೂತ್ 350, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರ ತನಕ ಬಂದ ಯೆಜ್ಡಿ ಇವುಗಳಿಗೆಲ್ಲ ಗಡಿಯ ಎರಡೂ ಕಡೆ ಗಿರಾಕಿಗಳಿದ್ದಾರೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಫೈಬರ್ ಮೈಯ, ಎರಡು ಬಾಗಿಲಿನ ಡಾಲ್ಫಿನ್ ಕಾರನ್ನು ನೆನೆಯುವ ಹಿರಿಯರೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ.

ಕಸುಬು ಮೊದಲಿನಿಂದಲೂ ಐತಿ

ಈ ಭಾಗಕ್ಕೆ ಕಬ್ಬಿಣದ ಕೆಲಸ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಇಟ್ಟಿದ್ದು ಸೈಕಲ್ ಅಂಗಡಿ. ಮುಂದೆ ಅಲ್ಲಿಂದ ಎದ್ದು 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯ ಕುಂಡಲ ರೋಡ್ ಹತ್ತಿರದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಂದಿನಿಂದ ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಲಾಪುರದ ಶಿರೋಲಿ, ನಡುವೆ ಮಿರಜ್ ಮತ್ತು ಕುಪವಾಡದ ಎಂಐಡಿಸಿ. ಎರಕ ಹೊಯ್ಯುವವರು, ಲೇಥ್ ಹಿಡಿಯುವವರು, ಕ್ರ್ಯಾಂಕ್ ಉಜ್ಜುವವರು ಒಂದೆರಡು ತಾಸಿನ ಹಾದಿಯಲ್ಲೇ ಸಿಗುವ ಪಟ್ಟಿ ಇದು. ಭಾಷೆಯ ಗಡಿ ಇಲ್ಲಿ ಲೇಥಿಗೆ ಅಡ್ಡ ಬಂದಿಲ್ಲ. ಮಿಸ್ತ್ರಿ ಮರಾಠಿಯಲ್ಲಿ ಬೈದರೆ ಶಿಷ್ಯ ಕನ್ನಡದಲ್ಲಿ ಗೊಣಗುತ್ತಾನೆ, ಕೆಲಸ ನಡೆಯುತ್ತದೆ.

ಹಳೆ ಎಂಜಿನ್ ಎಬ್ಬಿಸುವುದೆಂದರೆ ಬಿಡಿಭಾಗ ಬದಲಿಸಿದಷ್ಟು ಸಲೀಸಲ್ಲ. ಸವೆದ ಸಿಲಿಂಡರ್ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ಇಲ್ಲವೆ ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಹೆಡ್ ಬಾಗಿದ್ದರೆ ಫೇಸಿಂಗ್ ಮಾಡಿಸಬೇಕು. ವಾಲ್ವ್ ಕೂರುವ ಜಾಗವನ್ನು ಪೇಸ್ಟ್ ಹಚ್ಚಿ ಕೈಯಿಂದಲೇ ಉಜ್ಜಿ, ಪೆಟ್ರೋಲ್ ಸುರಿದು, ಒಂದು ಹನಿಯೂ ಸೋರದಂತೆ ನೋಡಬೇಕು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಆಚೀಚೆಯಾದರೆ ಗಾಡಿಯ ದಮ್ಮೇ ಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗೆ ಪಿಸ್ಟನ್ ಬಡಿದು, ಮಾಡಿದ ಖರ್ಚೆಲ್ಲ ನೀರಾಗುತ್ತದೆ. ಈಗಿನ ಕಂಪನಿ ಸರ್ವಿಸ್ ಸೆಂಟರುಗಳಲ್ಲಿ ಇಂಥ ಕೆಲಸ ಕಲಿಸುವವರು ಕಡಿಮೆ. ಕಂಪ್ಯೂಟರ್ ಹಚ್ಚು, ಭಾಗ ಬದಲಿಸು, ಬಿಲ್ ಕೊಡು ಎಂಬುದೇ ಅಲ್ಲಿಯ ರೀತಿ. ಬೆರಳಿನಿಂದ ಮುಟ್ಟಿ ಕೆಲಸ ಕಲಿಯುವ ಕೊನೆಯ ಶಾಲೆಗಳೆಂದರೆ ಇವೇ ಹಳೆ ಗ್ಯಾರೇಜುಗಳು.

2019ರ ಆಗಸ್ಟಿನ ಮಹಾಪೂರ ಈ ಕಸುಬಿಗೆ ಬೇರೊಂದು ಪರೀಕ್ಷೆ ಇಟ್ಟಿತ್ತು. ಅಪಾಯದ ಮಟ್ಟ 45 ಅಡಿ ಇರುವ ಇರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದಾಗ ಸಾಂಗ್ಲಿವಾಡಿಯ ಸುತ್ತ ನೀರೇ ನೀರು. ಮನೆ ಮುಂದೆ ನಿಂತ ಗಾಡಿಗಳು ಎಂಜಿನ್ ಸಮೇತ ಮುಳುಗಿದವು. 2021ರಲ್ಲಿ ಮತ್ತೆ ಅದೇ ಹಾಡು. ಹೀಗೆ ನೀರು ಹೊಕ್ಕ ಕಾರುಗಳು ಕೈ ಬದಲಾಗಿ ಅಗ್ಗದ ದರಕ್ಕೆ ಬರುತ್ತವೆ. ಸೀಟಿನ ಕೆಳಗಿನ ಕಂಬಿಗೆ ಹಿಡಿದ ತುಕ್ಕು, ವೈರಿಂಗಿನ ಗಂಟಿನಲ್ಲಿ ಹಸಿರು ಕಿಲುಬು, ಕಾರ್ಪೆಟ್ ಎತ್ತಿದರೆ ಒಣಗಿದ ಕೆಸರು ಇವನ್ನು ನೋಡದೆ ದುಡ್ಡು ಎಣಿಸಿದವರು ಆಮೇಲೆ ಹಣೆ ಬಡಿದುಕೊಳ್ಳಬೇಕಾಗುತ್ತದೆ.

402 ಮೀಟರಿನ ಆಟ

ಡ್ರ್ಯಾಗ್ ರೇಸ್ ಎಂದರೆ ತಿರುವು ಇಲ್ಲದ ನೇರ ಓಟ. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ, ದೀಪ ಹಸಿರಾಗುತ್ತದೆ, ಕಾಲು ಮೈಲು ಅಂದರೆ 402 ಮೀಟರ್ ಯಾರು ಮೊದಲು ಮುಗಿಸುತ್ತಾರೋ ಅವರು ಗೆದ್ದಂತೆ. ಒಳ್ಳೆಯ ಸ್ಥಿತಿಯಲ್ಲಿರುವ ವಿಟೆಕ್ ಇಷ್ಟು ದೂರವನ್ನು ಹದಿನೆಂಟು ಸೆಕೆಂಡಿನ ಒಳಗೆ ಮುಗಿಸಬಲ್ಲದು, ಕೊನೆಯಲ್ಲಿ ವೇಗ ಗಂಟೆಗೆ 120–130 ಕಿ.ಮೀ. ಇರುತ್ತದೆ. ಆಟ ಮುಗಿಯಿತು ಅನ್ನುವ ಹಾಗಿಲ್ಲ. ಅಷ್ಟು ವೇಗದ ಗಾಡಿ ಸಾವಕಾಶ ನಿಲ್ಲಲು ಇನ್ನೂ ಅಷ್ಟೇ ರಸ್ತೆ ಬೇಕು. ಅಂದರೆ ಎದುರು ಯಾರೂ ಬಾರದ, ನಾಯಿಯೂ ಅಡ್ಡ ಹಾಯದ, ಒಂದು ಕಿಲೋಮೀಟರಿನಷ್ಟು ನೇರ ಜಾಗ.

ಸಾಂಗ್ಲಿ ಜಿಲ್ಲೆಯಲ್ಲಿ ಅಂಥ ನೇರ ಜಾಗ ಕೆಲ ವರ್ಷದ ಹಿಂದೆ ಇರಲಿಲ್ಲ. ಸಾಂಗ್ಲಿವಾಡಿ ಹಾಯ್ದು ಆಷ್ಟಾ ಕಡೆ ಹೋಗುವ ಪೇಠ–ಸಾಂಗ್ಲಿ ರಸ್ತೆ ವರ್ಷಾನುಗಟ್ಟಲೆ ಗುಂಡಿಗೆ ಹೆಸರಾಗಿತ್ತು. ವಿಚಿತ್ರವೆಂದರೆ ಆ ಗುಂಡಿಗಳೇ ವೇಗಕ್ಕೆ ಲಗಾಮು ಹಾಕಿದ್ದವು. ರತ್ನಾಗಿರಿ–ನಾಗಪುರ ಹೆದ್ದಾರಿ ಮಿರಜ್ ಹತ್ತಿರ ನಾಲ್ಕು ಪಥವಾಯಿತು, ಪೇಠ ರಸ್ತೆಗೂ ಕಾಂಕ್ರೀಟ್ ಕೆಲಸ ಬಂತು. ರಸ್ತೆ ಸುಧಾರಿಸಲಿ ಎಂದು ಮೋರ್ಚಾ ತೆಗೆದ ಊರುಗಳಿಗೆ ಈಗ ರಾತ್ರಿ ಹೊತ್ತು ಎಂಜಿನ್ ಸದ್ದು ಬೇರೆ ಚಿಂತೆ ಹಚ್ಚುವಂತಾಗಿದೆ.

ಚಿಂತೆಗೆ ಕಾರಣ ಲೆಕ್ಕದಲ್ಲೇ ಇದೆ. ದೀಪಾವಳಿ ಆದ ಮೇಲೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯ ದಾರಿ ಹಿಡಿಯುತ್ತವೆ. ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿ ಇದ್ದರೂ ಧೂಳು ಮುಚ್ಚಿರುತ್ತದೆ, ಜೋತುಬಿದ್ದ ಕಬ್ಬು ಅದನ್ನೂ ಮರೆಮಾಡುತ್ತದೆ. ಟ್ರ್ಯಾಕ್ಟರಿನ ವೇಗ ಗಂಟೆಗೆ 20 ಕಿ.ಮೀ., ಹಿಂದಿನಿಂದ ಬರುವ ಕಾರಿನದು 130 ಎಂದು ಹಿಡಿಯಿರಿ. ಅಂತರ 110. ಅಂದರೆ ಒಂದು ಸೆಕೆಂಡಿಗೆ 30 ಮೀಟರ್ ಹತ್ತಿರವಾಗುತ್ತಾ ಹೋಗುತ್ತದೆ. ಡಿಮ್ ಲೈಟಿನಲ್ಲಿ ಕಪ್ಪು ಟ್ರೇಲರ್ ಕಣ್ಣಿಗೆ ಬೀಳುವುದು 50–60 ಮೀಟರ್ ಇರುವಾಗ. ಕೈಯಲ್ಲಿ ಉಳಿಯುವುದು ಎರಡು ಸೆಕೆಂಡು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅದರಲ್ಲಿ ಒಂದು ಮುಗಿದಿರುತ್ತದೆ. ಎಂಥ ಮಿಸ್ತ್ರಿ ಕಟ್ಟಿದ ಎಂಜಿನ್ ಇದ್ದರೂ ಇಲ್ಲಿ ಉಪಯೋಗವಿಲ್ಲ.

ಕಾಯ್ದೆ ಯಾರ ಕೊರಳಿಗೆ?

ಮೋಟಾರು ವಾಹನ ಕಾಯ್ದೆ 1988ರ 189ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ರೇಸ್ ಮತ್ತು ವೇಗದ ಪರೀಕ್ಷೆಯನ್ನು ಅಪರಾಧ ಎನ್ನುತ್ತದೆ. ಮೊದಲು ಇದಕ್ಕೆ ದಂಡ ಬರೇ 500 ರೂಪಾಯಿಯವರೆಗೆ ಇತ್ತು. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 10,000 ರೂ.ವರೆಗೆ ದಂಡ.

ಆದರೆ ಗ್ಯಾರೇಜಿಗೆ ಹೆಚ್ಚು ಬಿಸಿ ಮುಟ್ಟಿಸುವುದು 52ನೇ ಕಲಮು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಒಗ್ಗದ ಬದಲಾವಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಬೇರೆ ಕಾರಿನ ದೊಡ್ಡ ಎಂಜಿನ್ ಇಳಿಸುವುದು, ಸೈಲೆನ್ಸರ್ ತೆಗೆದು ಬರೇ ಪೈಪು ಹಾಕುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಹೀಗೆ ಮಾಡಿದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಸವೆದ ಎಂಜಿನ್ನನ್ನು ಮೂಲ ಸ್ಥಿತಿಗೆ ತರುವುದು ಬೇರೆ, ಅದನ್ನು ಬೇರೆಯದೇ ಮಾಡುವುದು ಬೇರೆ. ಮೊದಲನೆಯದು ರಿಪೇರಿ, ಎರಡನೆಯದು ಗುನ್ಹೆ. ಇದು ಮಿಸ್ತ್ರಿಗಳಿಗೆ ಗೊತ್ತಿಲ್ಲ ಎಂದಲ್ಲ. ಗಿರಾಕಿ ದುಡ್ಡು ಹಿಡಿದು ನಿಂತಾಗ ಒಲ್ಲೆ ಅನ್ನುವುದು ಕಷ್ಟ, ಅಷ್ಟೇ.

ಮನೆಯ ಹಿರಿಯರು ಓದಲೇಬೇಕಾದ್ದು 199ಎ. ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸು ಇಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಇಬ್ಬರು ಎಂಜಿನಿಯರುಗಳ ಪ್ರಾಣ ತೆಗೆದ ಪ್ರಕರಣದಲ್ಲಿ ಪೊಲೀಸರು ಹುಡುಗನ ತಂದೆಯನ್ನೂ ಬಂಧಿಸಿದ್ದನ್ನು ರಾಜ್ಯವೆಲ್ಲ ನೋಡಿದೆ. ಇನ್ನು ವಿಮೆ. ಪಾಲಿಸಿಯ ಸಣ್ಣ ಅಕ್ಷರದಲ್ಲಿ ಸಂಘಟಿತ ರೇಸು, ವೇಗದ ಪರೀಕ್ಷೆಗೆ ಗಾಡಿ ಬಳಸಿದರೆ ಅನ್ವಯಿಸುವುದಿಲ್ಲ ಎಂಬ ಮಾತು ಇದ್ದೇ ಇರುತ್ತದೆ. ಅದನ್ನು ಓದಿದವರು ಎಷ್ಟು ಮಂದಿ?

ಎತ್ತಿಗೆ ಸಿಕ್ಕ ದಾರಿ

ಇಷ್ಟೆಲ್ಲ ಇದ್ದರೂ 189ನೇ ಕಲಮಿನೊಳಗೇ ಒಂದು ಕಿಂಡಿ ಇದೆ ಎಂಬುದು ಗಮನಿಸಬೇಕಾದ ಸಂಗತಿ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ನಡೆಸಬಾರದು ಎಂದೇ ಕಾಯ್ದೆ ಹೇಳುತ್ತದೆ. ಒಪ್ಪಿಗೆ ಇದ್ದರೆ?

ಈ ಪ್ರಶ್ನೆಗೆ ಉತ್ತರ ಬೇಕಾದವರು ಎತ್ತಿನ ಗಾಡಿ ಶರ್ಯತ್ತಿನ ಕಡೆ ನೋಡಬೇಕು. ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು. ನಿಂತಿತೇ? ಇಲ್ಲ. 2021ರ ಆಗಸ್ಟಿನಲ್ಲಿ ಇದೇ ಜಿಲ್ಲೆಯ ಆಟಪಾಡಿ ತಾಲೂಕಿನ ಝರೆಯಲ್ಲಿ ಪೊಲೀಸ್ ಬಂದೋಬಸ್ತ್ ತಪ್ಪಿಸಿ ಶರ್ಯತ್ತು ನಡೆದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕೋರ್ಟು ಷರತ್ತಿನ ಮೇಲೆ ಅನುಮತಿ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡಿನ ಜಲ್ಲಿಕಟ್ಟು, ಕರ್ನಾಟಕದ ಕಂಬಳ, ಮಹಾರಾಷ್ಟ್ರದ ಶರ್ಯತ್ತು ಮೂರರ ಕಾಯ್ದೆಗಳನ್ನೂ ಎತ್ತಿಹಿಡಿಯಿತು. ಈಗ ಜಿಲ್ಲಾಧಿಕಾರಿಯ ಅನುಮತಿ, ಠೇವಣಿ, ಪಶುವೈದ್ಯರ ತಪಾಸಣೆ, ಸಾವಿರ ಮೀಟರ್ ಮೀರದ ಓಟ ಹೀಗೆ ಎಲ್ಲಕ್ಕೂ ನಿಯಮ ಇದೆ. ಅಂದಹಾಗೆ ಈಚಿನ ದೊಡ್ಡ ಶರ್ಯತ್ತುಗಳಲ್ಲಿ ಗೆದ್ದ ಎತ್ತಿನ ಜೋಡಿಗೆ ಕಾರೇ ಬಹುಮಾನ. ಎತ್ತು ಸಾವಿರ ಮೀಟರ್ ಓಡಿ ಗೆದ್ದ ಕಾರಿಗೆ 402 ಮೀಟರ್ ಓಡಲು ಜಾಗವಿಲ್ಲ!

ಹೊರದೇಶದ ಕಥೆಯೂ ಇದೇ ಹಾದಿಯದು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಹಳೆ ಫೋರ್ಡ್ ಕಾರು ರಿಪೇರಿ ಮಾಡಿ ಬೀದಿಯಲ್ಲಿ ಓಡಿಸುವ ಹುಡುಗರ ಹಾವಳಿ ಮಿತಿಮೀರಿತ್ತು. 1950ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಓಡುಹಾದಿಯನ್ನೇ ಇದಕ್ಕೆ ಬಳಸಲು ಶುರು ಮಾಡಿದರು. ಮರುವರ್ಷ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ಬ್ರೇಕು, ಹೆಲ್ಮೆಟ್, ಬೆಲ್ಟಿನ ತಪಾಸಣೆ ಕಡ್ಡಾಯ ಮಾಡಿದರು. ನಮ್ಮಲ್ಲೂ ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನದ ಪಟ್ಟಿಯ ಮೇಲೇ ದಶಕಗಳ ಕಾಲ ರೇಸು ನಡೆಯಿತು. ಲೋನಾವಳಾ ಆಚೆಯ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್ ಮೇಲೆ ಕಾಲು ಮೈಲಿನ ಸ್ಪರ್ಧೆಗಳು ನಡೆದಿವೆ. ಆದರೆ ಮಿರಜಿನ ಹುಡುಗ ಹಳೆ ಕಾರನ್ನು ಅಲ್ಲಿವರೆಗೆ ಲಾರಿಯಲ್ಲಿ ಹೇರಿಕೊಂಡು ಹೋಗುವ ಬಾಡಿಗೆಯಲ್ಲಿ ಇನ್ನೊಂದು ಎಂಜಿನ್ ಕಟ್ಟಿಸಬಹುದು.

ಹತ್ತಿರದಲ್ಲಿ ಕೊಲ್ಲಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕ್ ಇದೆ. ಅದು ಕಾರ್ಟಿಂಗಿನದು, ತಿರುವುಗಳ ಹಾದಿ. ನೇರ ಓಟಕ್ಕೆ ಒಗ್ಗುವುದಿಲ್ಲ. ಆದರೂ ಕೊಲ್ಲಾಪುರ ಒಂದು ಮಾತನ್ನು ತೋರಿಸಿಕೊಟ್ಟಿದೆ. ಅಲ್ಲಿಯ ಕೃಷ್ಣರಾಜ್ ಮಹಾಡಿಕ್ 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3ರವರೆಗೆ ಹೋದರು. ಶಿಸ್ತಿನ ಜಾಗ ಸಿಕ್ಕರೆ ಈ ಭಾಗದ ಹುಡುಗರು ಎಲ್ಲಿವರೆಗೂ ಹೋಗಬಲ್ಲರು. ರಾಜಕೀಯ ಮನೆತನದ ಬೆಂಬಲ ಎಲ್ಲರಿಗೂ ಇರುವುದಿಲ್ಲ ಎಂಬುದು ಬೇರೆ ಮಾತು.

ಸಾಂಗ್ಲಿಯಲ್ಲಿ ಜಾಗದ ಮಾತು ಬಂದರೆ ತಾಸಗಾಂವ ರಸ್ತೆಯ ಕವಲಾಪುರದ ಹಳೆ ವಿಮಾನದ ನೆಲ ನೆನಪಾಗುತ್ತದೆ. ಅಲ್ಲಿ ವಿಮಾನ ನಿಲ್ದಾಣವೇ ಆಗಬೇಕು ಎಂಬುದು ಜಿಲ್ಲೆಯ ಹಳೆ ಬೇಡಿಕೆ, ಅದಕ್ಕೆ ಅಡ್ಡ ಬರುವ ಯಾವ ಮಾತೂ ಇಲ್ಲಿ ನಡೆಯದು. ಅಲ್ಲದೆ ಜತ್ ತಾಲೂಕಿನ ಕನ್ನಡ ಹಳ್ಳಿಗಳು ನೀರಿಗಾಗಿ ದಶಕಗಟ್ಟಲೆ ಕೂಗು ಹಾಕಿದ ಜಿಲ್ಲೆ ಇದು. ಕಾರು ಓಡಿಸಲು ಜಾಗ ಕೊಡಿ ಅಂದರೆ ನಗುವವರೇ ಹೆಚ್ಚು. ಆ ನಗುವಿನಲ್ಲಿ ನ್ಯಾಯವೂ ಇದೆ. ಆದರೆ ಇಲ್ಲಿ ಸರ್ಕಾರದ ಖಜಾನೆಗೆ ಕೈ ಹಾಕುವ ಮಾತಿಲ್ಲ. ವರ್ಷಕ್ಕೆ ಎರಡು ದಿನ, ಎಂಐಡಿಸಿಯ ಒಂದು ನೇರ ರಸ್ತೆ ಮುಚ್ಚಿ, ಎಫ್‌ಎಂಎಸ್‌ಸಿಐ ಅಂದರೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ನಿಯಮದಂತೆ, ಎರಡೂ ಬದಿ ತಡೆಗೋಡೆ, ಆಂಬುಲೆನ್ಸು, ಪ್ರವೇಶ ಶುಲ್ಕ ಇಟ್ಟು ನಡೆಸಿದರೆ ಖರ್ಚು ಆಡುವವರದೇ. ಆಸ್ಪತ್ರೆಗಳಿಗೆ ಹೆಸರಾದ ಮಿರಜ್ ಪಕ್ಕದಲ್ಲೇ ಇದೆ ಎಂಬುದೂ ಸಣ್ಣ ಸಂಗತಿಯಲ್ಲ.

ಎರಡು ರಾಜ್ಯದ ಕಾಗದ

ಗಡಿಭಾಗದ ಕನ್ನಡ ಮನೆಗಳಿಗೆ ಇನ್ನೊಂದು ತಾಪತ್ರಯ ಉಂಟು. ಅಥಣಿಯಲ್ಲಿ ತವರು, ಮಿರಜಿನಲ್ಲಿ ಗಂಡನ ಮನಿ. ಮಾವನ ಕೆಎ 23 ನಂಬರಿನ ಹಳೆ ಕಾರು ಅಳಿಯನ ಅಂಗಳಕ್ಕೆ ಬರುತ್ತದೆ, ಅಲ್ಲೇ ಉಳಿಯುತ್ತದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ ತಂದು, ಮಹಾರಾಷ್ಟ್ರದ ತೆರಿಗೆ ಕಟ್ಟಿ, ಎಂಎಚ್ 10 ಮಾಡಿಸಬೇಕು. ಭಂಗಾರದ ಬೆಲೆಯ ಕಾರಿಗೆ ಇಷ್ಟು ಓಡಾಟ ಯಾಕೆ ಎಂದು ಬಹಳ ಜನ ಹಾಗೇ ಬಿಡುತ್ತಾರೆ. ನಾಳೆ ಅದೇ ಗಾಡಿಯಿಂದ ಅಪಘಾತವಾದರೆ ಮಾಲೀಕ ಯಾರು ಎಂಬಲ್ಲಿಂದಲೇ ಜಗಳ ಶುರು. ಕಾಗದದಲ್ಲಿ ಮಾವ, ಸ್ಟೇರಿಂಗಿನ ಹಿಂದೆ ಅಳಿಯನ ತಮ್ಮ.

ಖರ್ಚೂ ಏರಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂ.ಗೆ ಹೋಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000 ಆಯಿತು, ಬೈಕಿಗೆ 2,000. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ 2021ರ ನಿಯಮದಂತೆ ‘ವಿಂಟೇಜ್’ ಮಾನ. ಆ ಲೆಕ್ಕದಲ್ಲಿ 2000ರ ವಿಟೆಕ್ ಆ ಮಾನಕ್ಕೆ ಬರುವುದು 2050ಕ್ಕೆ. ಅಲ್ಲಿಯ ತನಕ ಅದು ಸರ್ಕಾರದ ಕಣ್ಣಿಗೆ ಹೊಗೆ ಉಗುಳುವ ಮುದಿ ಗಾಡಿ. ಇದರ ಮೇಲೆ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್. ಹಳೆ ಗಾಡಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್ ಅದಕ್ಕೆಂದು ಮಾಡಿದವಲ್ಲ, ಬೇಗ ಬಿರುಕು ಬಿಡಬಹುದು. ಸಾಂಗ್ಲಿ ಜಿಲ್ಲೆಯ ಕಬ್ಬಿನ ರಸವೇ ಎಥೆನಾಲ್ ಆಗಿ ಬಂದು ಸಾಂಗ್ಲಿಯ ಹಳೆ ಕಾರಿನ ಪೈಪು ಕೊರೆಯುತ್ತಿದೆ ಅಂದರೂ ತಪ್ಪಲ್ಲ. ಮಿಸ್ತ್ರಿಗಳಿಗಂತೂ ಕೆಲಸ ಹೆಚ್ಚಾಗಿದೆ.

ಮಳೆಗಾಲದಲ್ಲಿ ಈ ಗಾಡಿಗಳು ಗ್ಯಾರೇಜಿನಲ್ಲೇ ಇರುತ್ತವೆ. ಎಂಜಿನ್ ಕಟ್ಟುವ ಕೆಲಸ ದಸರೆಯ ಹೊತ್ತಿಗೆ ಮುಗಿಯುತ್ತದೆ, ಕಾರ್ಖಾನೆಗಳ ಬಾಯ್ಲರಿಗೆ ಬೆಂಕಿ ಬೀಳುವುದೂ ಅದೇ ಸುಮಾರಿಗೆ. ಎರಡೂ ರಸ್ತೆಗೆ ಇಳಿಯುವ ಮೊದಲು, ಯಾವ ರಸ್ತೆ, ಯಾವ ದಿನ, ಯಾರ ಸಹಿ ಎಂಬ ಅರ್ಜಿಯೊಂದು ಜಿಲ್ಲಾಧಿಕಾರಿ ಕಚೇರಿಯ ಮೇಜಿಗೆ ಬರಲು ಇರುವುದು ಆ ನಾಲ್ಕು ತಿಂಗಳು.